ಸೀಲ್ ಬದಲಿಸುವ ಮೊದಲು ಪೈಪ್ ಮೇಲೆ ಉಗುರು ಆಡಿಸಿ

ಒಂದೂವರೆ ವರ್ಷದಲ್ಲಿ ನನ್ನ ಬೈಕಿನ ಮುಂದಿನ ಶಾಕಪ್ ಸೀಲ್ ಮೂರು ಸಲ ಬದಲಾಯಿತು. ಶಾಕಪ್ಪಿನ ಪೈಪ್ ಸುತ್ತ ಕೂತು ಒಳಗಿನ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ ಅದು. ಪ್ರತಿ ಸಲ ಹೊಸ ಸೀಲ್, ಹೊಸ ಆಯಿಲ್, ಮೇಲೆ ಮಜೂರಿ. ನಾಲ್ಕೈದು ತಿಂಗಳಾದ ಮೇಲೆ ಪೈಪ್ ಸುತ್ತ ಮತ್ತೆ ಎಣ್ಣೆಯ ಉಂಗುರ. "ಈಗಿನ ಸೀಲ್ ಮೊದಲಿನ ಹಾಗೆ ಬರುವುದಿಲ್ಲ" ಎಂದರು ಗ್ಯಾರೇಜಿನವರು. ನಂಬಿದೆ. ಆದರೆ ತಪ್ಪು ಸೀಲಿನದಾಗಿರಲಿಲ್ಲ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಸಮುದ್ರದ ಗಾಳಿಗೆ ಕಿಟಕಿ ಸರಳೂ ಅಂಟಂಟು. ಗೇಟಿಗೆ ತುಕ್ಕು ಬಂದರೆ ಕೂಡಲೇ ಬಣ್ಣ ಬಳಿಯುತ್ತೇವೆ, ಬೈಕಿನ ಪೈಪನ್ನು ಬಗ್ಗಿ ನೋಡುವುದಿಲ್ಲ. ಆ ಪೈಪ್ ಉಕ್ಕಿನದು, ಮೇಲೆ ತೆಳುವಾದ ಕ್ರೋಮ್. ಕ್ರೋಮಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಉಪ್ಪಿನ ತೇವ ಅಲ್ಲಿಂದ ಇಳಿದು ಒಳಗಿನ ಉಕ್ಕನ್ನು ತಿನ್ನುತ್ತದೆ. ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕೆ ಏಳುತ್ತದೆ, ಅಷ್ಟೇ. ರಸ್ತೆಯ ಗುಂಡಿಗೆ ಬಿದ್ದಾಗಲೆಲ್ಲ ಅದರ ಅಂಚು ಸೀಲಿನ ತುಟಿಯನ್ನು, ಅಂದರೆ ಪೈಪಿಗೆ ಒತ್ತಿಕೊಂಡ ಒಳಬದಿಯನ್ನು, ಕೆರೆಯುತ್ತದೆ. ರಬ್ಬರ್ ಎಷ್ಟು ದಿನ ತಡೆದೀತು?

ಇದು ನನಗೆ ಗೊತ್ತಾದದ್ದು ಹೆದರಿಕೆಯಲ್ಲಿ. ಶಿರಸಿಯ ಅಕ್ಕನ ಮನೆಯಿಂದ ವಾಪಸ್ ಬರುತ್ತಿದ್ದೆ. ಸಣ್ಣ ಮಳೆ. ದೇವಿಮನೆ ಘಟ್ಟದ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ, ಬೈಕ್ ನಿಲ್ಲಲಿಲ್ಲ. ಎದುರಿಗೆ ಲಾರಿ. ಗೇರ್ ಇಳಿಸಿ, ಹಿಂದಿನ ಬ್ರೇಕಿನಲ್ಲೇ ಹೇಗೋ ಬದಿಗೆ ತಂದೆ. ಸೋರುತ್ತಿದ್ದ ಎಣ್ಣೆ ಬ್ರೇಕ್ ಡಿಸ್ಕ್ ಮೇಲೆ ಇಳಿದಿತ್ತು. ಅಲ್ಲಿಂದ ಕತಗಾಲ ದಾಟಿ ಕುಮಟಾ ಮುಟ್ಟುವವರೆಗೂ ಕೈ ನಡುಗುತ್ತಿತ್ತು. "ಸ್ವಲ್ಪ ಆಯಿಲ್ ಜಿನುಗುತ್ತದೆ, ಆಮೇಲೆ ನೋಡಿದರಾಯಿತು" ಎನ್ನುವವರಿಗೆ ದಯವಿಟ್ಟು ಹೇಳುತ್ತೇನೆ, ಮುಂದೂಡಬೇಡಿ.

ಕುಮಟಾದಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಸಿಕ್ಕರು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಡಸ್ಟ್ ಸೀಲ್, ಅಂದರೆ ಎಣ್ಣೆ ಸೀಲಿನ ಮೇಲೆ ಧೂಳು ತಡೆಯುವ ಇನ್ನೊಂದು ರಬ್ಬರ್ ಬಳೆ, ಮೇಲೆತ್ತಿದರು. ಅಡಿಯಲ್ಲಿ ಒದ್ದೆ ಮರಳು, ಕೆಂಪು ತುಕ್ಕು. ಪೈಪ್ ಒರೆಸಿ ಉಗುರು ಆಡಿಸಿದರು. "ಇಲ್ಲಿ ಮುಟ್ಟು ತಮಾ, ಸಿಕ್ಕಿತಾ?" ಸಿಕ್ಕಿತು. ಮೂರು ಕಡೆ ಉಗುರು ತಡೆಯಿತು. ಎರಡು ಚುಕ್ಕೆಗಳನ್ನು 2000 ನಂಬರಿನ ವಾಟರ್ ಪೇಪರಿನಲ್ಲಿ (ತೀರಾ ನುಣುಪಾದ ಉಜ್ಜುಕಾಗದ) ಎಣ್ಣೆ ಹಚ್ಚಿ ನುಣ್ಣಗೆ ಮಾಡಬಹುದಿತ್ತು. ಒಂದು ಆಳವಾಗಿತ್ತು. ಪೈಪನ್ನೇ ಬದಲಿಸಬೇಕಾಯಿತು. ಸೀಲಿನ ಹಲವು ಪಟ್ಟು ಖರ್ಚು, ನಿಜ. ಆದರೆ ಮೂರು ಸಲ ಸುಮ್ನೆ ಕೊಟ್ಟ ದುಡ್ಡೂ ಕಡಿಮೆಯೇನಲ್ಲ.

ಅವರ ಕೆಲಸ ನೋಡುತ್ತಾ ಕೂತೆ. ಪೈಪಿನ ತುದಿ ಚೂಪು, ಸೀಲ್ ಇಳಿಸುವಾಗಲೇ ತುಟಿ ಕತ್ತರಿಸಬಹುದು. ಅದಕ್ಕೆ ತುದಿಗೆ ಪ್ಲಾಸ್ಟಿಕ್ ಸುತ್ತಿ, ಸೀಲಿಗೆ ಫೋರ್ಕ್ ಆಯಿಲ್ ಹಚ್ಚಿ ಇಳಿಸಿದರು. ಹೊಸ ಸೀಲ್ ಮೇಲೆ ಹಳೆಯದನ್ನಿಟ್ಟು ಸುತ್ತಲೂ ಒಂದೇ ಸಮ ತಟ್ಟಿದರು. ಸ್ಕ್ರೂಡ್ರೈವರಿನಲ್ಲಿ ಒಂದೇ ಕಡೆ ಹೊಡೆದರೆ ಸೀಲ್ ಅಲ್ಲೇ ಹಾಳು. ಎರಡೂ ಕಡೆಯ ಸೀಲ್ ಒಟ್ಟಿಗೇ ಬದಲಾಯಿತು. ಆಯಿಲನ್ನು ಮ್ಯಾನುಯಲ್ ನೋಡಿ ಅಳೆದೇ ಹಾಕಿದರು. ಮೊದಲು ಮಾಡಿಸಿದಲ್ಲಿ ಕಣ್ಣಂದಾಜಿನಲ್ಲಿ ಸುರಿದಿದ್ದರು. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಬಿಸಾಡಿ ಹೊಸದು ಹಾಕಿ, ಡಿಸ್ಕ್ ತೊಳೆದರು.

ಗ್ಯಾರೇಜಿನವರ ಕಷ್ಟ ಗೊತ್ತು. ಸಂಜೆಯೊಳಗೆ ಬೈಕ್ ಬೇಕು ಎನ್ನುವವರು ನಾವೇ, ಪೈಪ್ ಬೆಲೆ ಕೇಳಿ "ಸೀಲ್ ಮಾತ್ರ ಹಾಕಿ" ಎನ್ನುವವರೂ ನಾವೇ. ಆದರೂ ಕರಾವಳಿಯ ಬೈಕಿಗೆ ಪೈಪ್ ತೋರಿಸದೆ ಸೀಲ್ ಹಾಕುವುದು ಸರಿಯಲ್ಲ. ಗಿರಾಕಿಯ ಬೆರಳು ಹಿಡಿದು ಆ ಚುಕ್ಕೆ ಮುಟ್ಟಿಸಿ. ಬದಲಿಸುವುದು ಬಿಡುವುದು ಆಮೇಲೆ ಅವನಿಗೆ ಬಿಟ್ಟದ್ದು ಅಲ್ವಾ?

ಪೈಪ್ ನುಣ್ಣಗಿದ್ದೂ ಜಿನುಗಿದರೆ ಕೆಲವೊಮ್ಮೆ ತುಟಿಯಡಿ ಮರಳಿನ ಕಣ ಕೂತಿರುತ್ತದೆ. ಹಳೆಯ ಫೋಟೋ ನೆಗೆಟಿವ್ ತುಂಡನ್ನು ಸೀಲ್ ಸುತ್ತ ಮೆಲ್ಲಗೆ ಆಡಿಸಿದರೆ ಕಣ ಹೊರಗೆ ಬಂದು ಸೋರುವುದು ನಿಂತೀತು. ಬಿಚ್ಚಿಸುವ ಮೊದಲು ಇದನ್ನು ಮಾಡಿ ನೋಡಬಹುದು.

ಈಗ ಕಡಲ ಬದಿಯಿಂದ ಬಂದ ದಿನ ಸಿಹಿನೀರಿನಲ್ಲಿ ಪೈಪ್ ತೊಳೆದು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ. ಎರಡು ನಿಮಿಷದ ಕೆಲಸ. ಮಳೆಗಾಲದಲ್ಲಿ ಡಸ್ಟ್ ಸೀಲ್ ಎತ್ತಿ ಮಣ್ಣು ತೆಗೆಯುತ್ತೇನೆ. ಪೈಪ್ ಮುಚ್ಚುವ ರಬ್ಬರ್ ಚೀಲ, ಗೈಟರ್, ಹಾಕಲು ಮನಸ್ಸಿಲ್ಲ, ಒಳಗೆ ತೇವ ನಿಂತರೆ ಕಾಣುವುದೇ ಇಲ್ಲ.

ಹಳೆಯ ಪೈಪ್ ಎಸೆದಿಲ್ಲ. ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಯಾರಾದರೂ ಪೈಪಿಗೆ ಮತ್ತೆ ಕ್ರೋಮ್ ಮಾಡಿಸಿದ್ದೀರಾ? ಎಷ್ಟು ಮಳೆಗಾಲ ಬಾಳಿತು, ತಿಳಿಸಿ.