ಬಂಗಾರದ ಕಿವಿ ಮೇಲೆ ಚೆಂಡು ಹೂವು

ಅಮೆರಿಕದ ಕಪ್ಪು ಜನರ ‘ಸೋಲ್’ ಸಂಗೀತದ ಹಾಡುಗಾರ ಮಾರ್ವಿನ್ ಗೇ 1971ರಲ್ಲಿ ‘ವಾಟ್ಸ್ ಗೋಯಿಂಗ್ ಆನ್’ ಅಂತ ಒಂದು ಆಲ್ಬಂ ಮಾಡಿದ್ರು. ಎರಡೂ ಕಡೆ ಸೇರಿ 35 ನಿಮಿಷ ಚಿಲ್ಲರೆ, ಅಂದ್ರೆ ಒಲೆ ಮೇಲೆ ಅನ್ನ ಸಾರು ಆಗೋಷ್ಟ್ರಲ್ಲಿ ಮುಗ್ದೋಗುತ್ತೆ. ಈ 35 ನಿಮಿಷಾನ ಪೂರ್ತಿ ಕೊಂಡು ಮುಗ್ಸೋಕೆ ಅಮೆರಿಕದವರಿಗೆ 50 ವರ್ಷ ಸಾಕಾಗಿಲ್ಲ ನೋಡಿ. ಮೊದ್ಲು ಎಲ್‌ಪಿ, ಅದೇ ಕಪ್ಪು ತಟ್ಟೆ ರೆಕಾರ್ಡು, ತಗೊಂಡ್ರು, ಆಮೇಲೆ ಕ್ಯಾಸೆಟ್ಟು, ಆಮೇಲೆ ಎಲ್‌ಪಿ ಎಲ್ಲಾ ಗುಜರಿಗೆ ಹಾಕಿ ಸಿಡಿ, 2001ರಲ್ಲಿ ಡಿಲಕ್ಸ್ ಎಡಿಷನ್ ಅಂತ ಎರಡು ಸಿಡಿ, 2011ರಲ್ಲಿ 40 ವರ್ಷ ತುಂಬ್ತು ಅಂತ ಸೂಪರ್ ಡಿಲಕ್ಸು, ಮಧ್ಯ ಮಧ್ಯ ರೀಮಾಸ್ಟರ್ (ಹಳೇ ಸೌಂಡನ್ನ ತಿದ್ದಿ ತೀಡೋದು) ಮಾಡಿದ್ದನ್ನೇ ಮತ್ತೆ ರೀಮಾಸ್ಟರ್ ಮಾಡಿದ್ದು, ಕೊನೆಗೆ ತಿರುಗಿ ಎಲ್‌ಪಿ, ಅದೂ ಗುಜರಿಗೆ ಹಾಕಿದ್ರಲ್ಲ ಅದರ ಎಷ್ಟೋ ಪಟ್ಟು ರೇಟು ಕೊಟ್ಟು.

ಡಿಲಕ್ಸ್ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಈ ಆಲ್ಬಂನ ಮೊದ್ಲು ಡೆಟ್ರಾಯಿಟ್‌ನಲ್ಲಿ ಮಿಕ್ಸ್ ಮಾಡಿದ್ರು, ಅಂದ್ರೆ ಬೇರೆ ಬೇರೆ ರೆಕಾರ್ಡ್ ಆದ ದನಿ, ವಾದ್ಯ ಎಲ್ಲಾ ಹದವಾಗಿ ಸೇರ್ಸಿದ್ರು, ಮಾರ್ವಿನ್ ಗೇಗೆ ಅದು ಹಿಡಿಸ್ಲಿಲ್ಲ, ಲಾಸ್ ಏಂಜಲೀಸ್‌ಗೆ ಹೋಗಿ ಮತ್ತೆ ಮಿಕ್ಸ್ ಮಾಡ್ಸಿದ್ರು, ನಾವೆಲ್ಲಾ ಕೇಳಿರೋದು ಅದನ್ನೇ. ಡಿಲಕ್ಸ್‌ನಲ್ಲಿ ಎಕ್ಸ್‌ಟ್ರಾ ದುಡ್ಡಿಗೆ ಏನು ಕೊಟ್ರು? ಆ ಬೇಡ ಅಂತ ಬಿಟ್ಟಿದ್ದ ಡೆಟ್ರಾಯಿಟ್ ಮಿಕ್ಸು! ಹಾಡಿದವರೇ ‘ಇದು ಸರಿ ಇಲ್ಲ ಕಣಯ್ಯ’ ಅಂತ ಪಕ್ಕಕ್ಕೆ ಎಸೆದಿದ್ದನ್ನ ಅವರು ತೀರ್ಕೊಂಡ ಮೇಲೆ ಹುಡುಕಿ ತೆಗೆದು, ಧೂಳು ಒರೆಸಿ, ಅಪರೂಪದ ನಿಧಿ ಅಂತ ಮಾರಿದ್ರು. ಗಂಡಸು ಬದುಕಿದ್ದಿದ್ರೆ ಅಂಗಡಿಗೇ ಬಂದು ಜಗಳ ಆಡ್ತಿದ್ದ.

2019ರಲ್ಲಿ ಮೊಬೈಲ್ ಫಿಡೆಲಿಟಿ ಅನ್ನೋ ಕಂಪನಿ ಇದನ್ನೇ ‘ಒನ್ ಸ್ಟೆಪ್’ ಅಂತ ತಂತು, 125 ಡಾಲರು, ನಮ್ಮ ಲೆಕ್ಕದಲ್ಲಿ ಹತ್ತು ಸಾವಿರದ ಆಸುಪಾಸು. ಒಂದು ತಟ್ಟೇಲಿ ಆರಾಮಾಗಿ ಹಿಡೀತಿದ್ದ ಹಾಡುಗಳನ್ನ 45 ಸ್ಪೀಡಲ್ಲಿ ತಿರುಗೋ ಎರಡು ತಟ್ಟೆಗೆ ಹಂಚಿದ್ದಾರೆ, ಅಂದ್ರೆ ಒಂಬತ್ತು ನಿಮಿಷಕ್ಕೊಂದ್ಸಲ ಸೋಫಾದಿಂದ ಎದ್ದು ತಟ್ಟೆ ತಿರುವಿ ಹಾಕ್ಬೇಕು. ಈ ಆಲ್ಬಂನ ದೊಡ್ಡ ಹೆಚ್ಚುಗಾರಿಕೆ ಏನಪ್ಪಾ ಅಂದ್ರೆ ಒಂದು ಹಾಡು ಮುಗಿಯೋಕೆ ಮುಂಚೆ ಇನ್ನೊಂದು ಅದರೊಳಗೇ ಶುರುವಾಗುತ್ತೆ, ನಡುವೆ ಉಸಿರು ಬಿಡೋಕೂ ಗ್ಯಾಪ್ ಇಲ್ಲ. ಅದನ್ನ ಕತ್ತರಿಸಿ ನಾಲ್ಕು ತುಂಡು ಮಾಡಿ, ಸೌಂಡ್ ಕ್ವಾಲಿಟಿಗೋಸ್ಕರ ಅಂತಾರೆ. ಸೌಂಡ್ ಸೂಪರ್ ಗುರೂ, ಹಾಡು ಮಾತ್ರ ತುಂಡು ತುಂಡು.

ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯವರು 2003ರಲ್ಲಿ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಂಗಳ ಪಟ್ಟಿ ಮಾಡಿದಾಗ ಇದು 6ನೇ ಸ್ಥಾನದಲ್ಲಿತ್ತು, 2020ರಲ್ಲಿ ಪಟ್ಟಿ ತಿದ್ದಿ 1ನೇ ಸ್ಥಾನಕ್ಕೆ ಏರ್ಸಿದ್ರು. ಸಾರ್ವಕಾಲಿಕ ಅಂದ್ರೆ 17 ವರ್ಷ ಅಂತ ಆವಾಗ್ಲೇ ಗೊತ್ತಾಗಿದ್ದು. ತಮಾಷೆ ಅಂದ್ರೆ, ಆಲ್ಬಂಗೆ ಹೆಸರು ಕೊಟ್ಟ ಆ ಹಾಡನ್ನ ರಿಲೀಸ್ ಮಾಡೋದೇ ಬೇಡ ಅಂತ ರೆಕಾರ್ಡ್ ಹೊರತರ್ತಿದ್ದ ಮೋಟೌನ್ ಕಂಪನಿ ಧಣಿ ಬೆರಿ ಗಾರ್ಡಿ ಪಟ್ಟು ಹಿಡಿದು ಕೂತಿದ್ರು, ಹಾಡು ಓಡ್ತು ನೋಡಿ, ತಕ್ಷಣ ‘ಬೇಗ ಒಂದು ಪೂರ್ತಿ ಆಲ್ಬಂ ಮಾಡಪ್ಪಾ’ ಅಂದ್ರು.

ಈ ಮೋಟೌನ್ ಕಥೆ ಸ್ವಲ್ಪ ಹೇಳ್ಲೇಬೇಕು, ಇಲ್ಲಾಂದ್ರೆ ಇವತ್ತಿನ ತಮಾಷೆ ಪೂರ್ತಿ ಅರ್ಥ ಆಗಲ್ಲ. 1959ರಲ್ಲಿ ಗಾರ್ಡಿ ಮನೆಯವರ ಹತ್ರ 800 ಡಾಲರ್ ಸಾಲ ತಗೊಂಡು ಶುರು ಮಾಡಿದ ಕಂಪನಿ. ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿ ಒಂದು ಸಾದಾ ಮನೆ, ಅದರ ಗ್ಯಾರೇಜೇ ಸ್ಟುಡಿಯೋ. ಎಕೋ ಬೇಕು ಅಂದ್ರೆ ಅಟ್ಟಕ್ಕೆ ಒಂದು ತೂತು, ಅಲ್ಲಿಗೆ ಸೌಂಡ್ ಕಳ್ಸಿ ವಾಪಸ್ ತಗೊಳ್ಳೋದು, ಅಷ್ಟೇ. 1965ರ ‘ನೋವೇರ್ ಟು ರನ್’ ಹಾಡಲ್ಲಿ ಝಣ್ ಝಣ್ ಅನ್ನೋದು ಹಿಮದಲ್ಲಿ ಕಾರ್ ಟೈರಿಗೆ ಸುತ್ತೋ ಸರಪಳಿ. ಬಾಸ್ ನುಡಿಸ್ತಿದ್ದ ಜೇಮ್ಸ್ ಜೇಮರ್ಸನ್ ಗಿಟಾರಿನ ತಂತಿಯನ್ನೇ ಬದಲಾಯಿಸ್ತಿರ್ಲಿಲ್ಲ, ‘ವಾಟ್ಸ್ ಗೋಯಿಂಗ್ ಆನ್’ ರೆಕಾರ್ಡಿಂಗ್ ದಿನ ಕುಡಿದು ಕೂರೋಕಾಗ್ದೆ ನೆಲದ ಮೇಲೆ ಅಂಗಾತ ಮಲ್ಕೊಂಡೇ ನುಡಿಸಿದ್ರು ಅಂತ ಅಲ್ಲಿಯವರು ಇವತ್ತಿಗೂ ಹೇಳ್ತಾರೆ.

ಇನ್ನು ಮುಖ್ಯವಾದ್ದು. ಡೆಟ್ರಾಯಿಟ್ ಅಂದ್ರೆ ಕಾರಿನ ಊರು, ಕೇಳೋ ಹುಡುಗರು ಕೇಳ್ತಿದ್ದಿದ್ದು ಕಾರ್ ರೇಡಿಯೋದಲ್ಲಿ. ಅದಕ್ಕೆ ಮೋಟೌನ್‌ನವರು ಮಿಕ್ಸ್ ಮಾಡಿದ ಹಾಡನ್ನ ಕಾರಲ್ಲಿರೋ ಥರದ್ದೇ ಒಂದು ಪುಟಾಣಿ, ಗೊರಗೊರ ಅನ್ನೋ ಸ್ಪೀಕರ್‌ನಲ್ಲಿ ಹಾಕಿ ಪರೀಕ್ಷೆ ಮಾಡ್ತಿದ್ರು. ಅದರಲ್ಲಿ ಚೆನ್ನಾಗಿ ಕೇಳ್ಸಿದ್ರೆ ಪಾಸು, ಇಲ್ಲಾಂದ್ರೆ ಮತ್ತೆ ಮಿಕ್ಸು. ಅಂದ್ರೆ ಪ್ರಪಂಚದ ಅತಿ ಕೆಟ್ಟ ಸ್ಪೀಕರ್‌ನಲ್ಲೂ ಕುಣಿಸ್ಬೇಕು ಅಂತಲೇ ಲೆಕ್ಕ ಹಾಕಿ ಮಾಡಿದ ಹಾಡುಗಳು ಇವು.

ಈಗ ಅದೇ ಹಾಡು ಕೇಳೋ ಸಂಭ್ರಮ ನೋಡ್ಬೇಕು ನೀವು, ಯೂಟ್ಯೂಬಲ್ಲಿ ಬೇಕಾದಷ್ಟಿದೆ. ಮೊದ್ಲು ಕೈ ತೊಳ್ಕೋತಾರೆ. ಡಬ್ಬದ ಮೇಲಿನ ಪ್ಲಾಸ್ಟಿಕ್‌ನ ಬ್ಲೇಡಲ್ಲಿ ಒಂದೇ ಕಡೆ ಸೀಳ್ತಾರೆ, ಯಾಕಂದ್ರೆ ಅದರ ಮೇಲೊಂದು ಸ್ಟಿಕರ್ ಇದೆ, ಸ್ಟಿಕರ್ ಹರಿದ್ರೆ ರೀಸೇಲ್ ವ್ಯಾಲ್ಯೂ ಬಿದ್ದೋಗುತ್ತೆ. ಆಮೇಲೆ ತಟ್ಟೇನ ಅಂಗೈ ಅಂಚಲ್ಲಿ ಹಿಡ್ಕೊಂಡು ಲೈಟಿಗೆ ಓರೆ ಮಾಡಿ ನೋಡ್ತಾರೆ, ನಾವು ಬಾಳೆ ಎಲೆ ತೂತಾಗಿದ್ಯಾ ಅಂತ ನೋಡ್ತೀವಲ್ಲ ಹಾಗಲ್ಲ, ಪೊಲೀಸ್‌ನೋರು ಕಳ್ಳನೋಟು ನೋಡ್ತಾರಲ್ಲ ಆ ಥರ ಅನುಮಾನದಲ್ಲಿ. 180 ಗ್ರಾಂ ಇದೆ ಅಂತ ತೂಕದ ಯಂತ್ರದ ಮೇಲಿಟ್ಟು ತೋರ್ಸೋರೂ ಇದ್ದಾರೆ. ಬ್ರಶ್ ಆಡ್ಸಿ, ಮುಳ್ಳಿನ ತೂಕ ಅಡ್ಜಸ್ಟ್ ಮಾಡಿ, ನೆಲ ಸೋಕಬಾರ್ದು ಅಂತ ಸ್ಪೀಕರ್ ವೈರನ್ನ ಪುಟ್ಟ ಪುಟ್ಟ ಪೀಠದ ಮೇಲೆ ಮಲಗ್ಸಿ (ತಮಾಷೆ ಅಲ್ಲ ಸ್ವಾಮಿ, ವೈರಿಗೂ ಪೀಠ ಮಾರ್ತಾರೆ), ಮುಳ್ಳು ಇಳಿಸಿ, ಕಣ್ಣು ಮುಚ್ಕೊಂಡು ಕೂತು, ಏನು ಕೇಳ್ಕೋತಾರೆ? ಟೈರ್ ಚೈನು. ‘ಆಹಾ, ಚೈನಿನ ಒಂದೊಂದು ಕೊಂಡಿಯೂ ಬೇರೆ ಬೇರೆ ಕೇಳ್ಸುತ್ತೆ’ ಅಂತ ಕಣ್ಣಲ್ಲಿ ನೀರು. ಕುಣಿಯೋದೊಂದು ಬಿಟ್ಟು ಎಲ್ಲಾ ಮಾಡ್ತಾರೆ, ಯಾಕಂದ್ರೆ ಕುಣಿದ್ರೆ ನೆಲ ಅದುರಿ ಮುಳ್ಳು ಹಾರುತ್ತೆ!

ಇವರಾದ್ರೂ ವಾಸಿ, ಹಾಕಿ ಕೇಳ್ತಾರೆ. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ವಿನೈಲ್ ರೆಕಾರ್ಡ್ (ಇದೇ ಎಲ್‌ಪಿ ಥರದ ತಟ್ಟೆಗಳು) ಮಾರಾಟ ಆಗಿ, 1987ರಿಂದ ಈಚೆಗೆ ಮೊದಲ್ನೇ ಸಲ ಸಿಡಿಗಳ ಸಂಖ್ಯೆನ ಹಿಂದಕ್ಕೆ ಹಾಕಿದ್ವು. ಭಲೇ ಅಂದ್ಕೊಂಡ್ವಿ. ಮಾರಾಟದ ಲೆಕ್ಕ ಇಡೋ ಲುಮಿನೇಟ್ ಅನ್ನೋ ಸಂಸ್ಥೆ ಒಂದು ಸರ್ವೆ ಮಾಡಿದ್ರೆ, ವಿನೈಲ್ ತಗೊಳ್ಳೋರಲ್ಲಿ ಶೇ. 50 ಜನರ ಹತ್ರ ಮಾತ್ರ ರೆಕಾರ್ಡ್ ಪ್ಲೇಯರ್ ಇದೆ ಅಂತ ಗೊತ್ತಾಯ್ತು. ಉಳಿದರ್ಧ ಜನ ಏನು ಮಾಡ್ತಾರೆ ಅಂದ್ರೆ ಗೋಡೆಗೆ ನೇತು ಹಾಕ್ತಾರೆ, ಫೋಟೋ ಹೊಡೀತಾರೆ, ಫೋಟೋ ಹಿಂದೆ ಹಾಡು ಹಾಕೋಕೆ ಮತ್ತೆ ಫೋನಲ್ಲೇ ಅದೇ ಹಾಡು ಹುಡುಕ್ತಾರೆ. ನಂಗೆ ಇವರ ಮೇಲೇನೂ ಸಿಟ್ಟಿಲ್ಲ, ಈ ಇಡೀ ವ್ಯವಹಾರದಲ್ಲಿ ಮುಳ್ಳು ಸವೆಸದೇ ಇರೋರು ಇವರೊಬ್ರೇ.

ಹಳೇ ಹಾಡಿನ ಮೇಲಿನ ಪ್ರೀತಿ ಎಲ್ಲಿಗೆ ಮುಟ್ಟುತ್ತೆ ಅನ್ನೋಕೆ ಇಂಗ್ಲೆಂಡಿನ ನಾರ್ದರ್ನ್ ಸೋಲ್ ಮಂದಿನ ನೋಡ್ಬೇಕು. ವಿಗನ್ ಅನ್ನೋ ಊರಿನ ಕ್ಯಾಸಿನೋ ಹಾಲಲ್ಲಿ 1973ರಿಂದ 1981ರವರೆಗೆ ಕಾರ್ಖಾನೆ ಹುಡುಗರು ನೆಲಕ್ಕೆ ಪೌಡರ್ ಉದುರ್ಸಿ ಬೆಳಗಾಗೋವರೆಗೂ ಕುಣೀತಿದ್ರು, ಅದೂ ಅಮೆರಿಕದಲ್ಲಿ ಯಾರೂ ಕೊಳ್ಳದೇ ಮೂಲೆಗೆ ಬಿದ್ದಿದ್ದ ಸೋಲ್ ಹಾಡುಗಳಿಗೆ. ಅಲ್ಲೀವರೆಗೂ ಬಹಳ ಚಂದ. ಆದ್ರೆ ಡಿಜೆಗಳಿಗೆ ಒಂದು ಚಿಂತೆ ಹತ್ಕೊಳ್ತು, ಬೇರೆ ಡಿಜೆಗೆ ಹಾಡಿನ ಹೆಸ್ರು ಗೊತ್ತಾದ್ರೆ ಹುಡುಕಿ ತಂದ್ಬಿಡ್ತಾನೆ, ಅದಕ್ಕೆ ಲೇಬಲ್ ಮೇಲೆ ಕಾಗದ ಅಂಟ್ಸಿ, ಸುಳ್ಳು ಹೆಸ್ರು, ಸುಳ್ಳು ಹಾಡುಗಾರ! ಹಾಡು ಎಲ್ರೂ ಕೇಳ್ಬೇಕು, ಯಾರದ್ದು ಅಂತ ಮಾತ್ರ ಗೊತ್ತಾಗ್ಬಾರ್ದು. ಫ್ರಾಂಕ್ ವಿಲ್ಸನ್ ಅನ್ನೋರು 1965ರಲ್ಲಿ ಹಾಡಿದ ಒಂದು ಸಿಂಗಲ್‌ನ ಮೋಟೌನ್‌ನವರೇ ನಾಶ ಮಾಡ್ಸಿದ್ರು, ಬೆರಳೆಣಿಕೆ ಪ್ರತಿ ಉಳ್ಕೊಂಡ್ವು. ಒಂದು ಪ್ರತಿ 2009ರಲ್ಲಿ 25,742 ಪೌಂಡಿಗೆ ಹೋಯ್ತು, 2020ರಲ್ಲಿ ಒಂದು ಲಕ್ಷ ಪೌಂಡ್. ಅದೇ ಹಾಡು 1979ರಲ್ಲೇ ಇಂಗ್ಲೆಂಡಲ್ಲಿ ಮಾಮೂಲಿ ಸಿಂಗಲ್ ಆಗಿ ಬಂದಿತ್ತು, ಈಗ ಫೋನಲ್ಲಿ ಪುಕ್ಕಟೆ ಬರುತ್ತೆ. ಒಂದು ಲಕ್ಷ ಪೌಂಡ್ ಕೊಟ್ಟವರಿಗೆ ಎಕ್ಸ್‌ಟ್ರಾ ಸಿಕ್ಕಿದ್ದು ‘ನಿಮ್ಮತ್ರ ಇಲ್ಲ’ ಅನ್ನೋ ನೆಮ್ಮದಿ.

ಅಮೆರಿಕದ ಮೆಂಫಿಸ್‌ನವರದ್ದು ಇನ್ನೊಂದು ಥರ. ಸೋಲ್ ಹಾಡುಗಾರ ಓಟಿಸ್ ರೆಡಿಂಗ್ ಹಾಡಿದ್ದ ಸ್ಟ್ಯಾಕ್ಸ್ ಸ್ಟುಡಿಯೋ ಹಳೇ ಸಿನಿಮಾ ಟಾಕೀಸು, ನೆಲ ಕೂಡ ಟಾಕೀಸಿನ ಹಾಗೇ ಇಳಿಜಾರು. 1989ರಲ್ಲಿ ಅದನ್ನ ಕೆಡವಿ ಹಾಕಿದ್ರು. ಆಮೇಲೆ ‘ಅಯ್ಯೋ ಇತಿಹಾಸ’ ಅಂತ ನೆನಪಾಗಿ ಅದೇ ಜಾಗದಲ್ಲಿ ಅದೇ ಥರದ ಕಟ್ಟಡ, ಅದೇ ಇಳಿಜಾರು ನೆಲ ಸಮೇತ ಹೊಸದಾಗಿ ಕಟ್ಟಿ 2003ರಲ್ಲಿ ಮ್ಯೂಸಿಯಂ ಮಾಡಿದ್ರು. ಕಟ್ಟಡಕ್ಕೂ ರೀಇಶ್ಯೂ, ಅಂದ್ರೆ ಮರುಬಿಡುಗಡೆ!

ಇನ್ನು ಕಾನೂನಿನವರು ಸುಮ್ನೆ ಇರ್ತಾರಾ. ಯುರೋಪಿನಲ್ಲಿ 2011ರಲ್ಲಿ ಧ್ವನಿಮುದ್ರಣದ ಕಾಪಿರೈಟ್‌ನ 50 ವರ್ಷದಿಂದ 70ಕ್ಕೆ ಏರ್ಸಿದ್ರು, ಒಂದೇ ಷರತ್ತು, 50 ವರ್ಷದೊಳಗೆ ಅದು ಬಿಡುಗಡೆ ಆಗಿರ್ಬೇಕು. ತಗೊಳ್ಳಪ್ಪ, ಕಂಪನಿಗಳೆಲ್ಲಾ ಗೋಡೌನಿಗೆ ನುಗ್ಗಿದ್ವು. ಬಾಬ್ ಡಿಲನ್ ಅವರ ಹಳೇ ಟೇಪುಗಳನ್ನ 2012ರ ಕೊನೇಲಿ ನೂರು ಪ್ರತಿ ಆಸುಪಾಸು ಮಾತ್ರ ಮಾಡಿ ಬಿಟ್ರು, ಹೆಸರಲ್ಲೇ ‘ಕಾಪಿರೈಟ್ ಎಕ್ಸ್‌ಟೆನ್ಷನ್ ಕಲೆಕ್ಷನ್’ ಅಂತ ಹಾಕಿ. ನಾಚ್ಕೆ ಮಾನ ಎಲ್ಲಾ ಬಿಟ್ಟ ಮೇಲೆ ಹೀಗಾದ್ರೂ ನಿಜ ಹೇಳಿದ್ರಲ್ಲ, ಅದಕ್ಕೆ ಒಂದು ನಮಸ್ಕಾರ. ಮೋಟೌನ್ ಕಡೆಯಿಂದ್ಲೂ ‘ಮೋಟೌನ್ ಅನ್‌ರಿಲೀಸ್ಡ್ 1962’, ಆಮೇಲೆ 1963, ಆಮೇಲೆ 1964 ಅಂತ ವರ್ಷದ ಕೊನೆಗೆ ಕಂತು ಕಂತಾಗಿ ಬಂದ್ವು. ಮೋಟೌನ್‌ನಲ್ಲಿ ಯಾವ ಹಾಡು ಬಿಡ್ಬೇಕು ಯಾವ್ದು ಬೇಡ ಅಂತ ಮತ ಹಾಕೋ ಕ್ವಾಲಿಟಿ ಕಂಟ್ರೋಲ್ ಮೀಟಿಂಗೇ ಇತ್ತು, ಅಲ್ಲಿ ಫೇಲ್ ಆದ ಹಾಡುಗಳೆಲ್ಲಾ 50 ವರ್ಷ ಆದ್ಮೇಲೆ ವಕೀಲರ ದಯೆಯಿಂದ ಪಾಸು.

ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ವಿಷ್ಯಾನೂ ಹೇಳ್ಬಿಡ್ತೀನಿ. ಬಲಗಿವಿ ಹೆಚ್ಚುಕಮ್ಮಿ ಕೇಳದ ಮನುಷ್ಯ 1966ರಲ್ಲಿ ‘ಪೆಟ್ ಸೌಂಡ್ಸ್’ ಆಲ್ಬಂನ ಮೋನೋದಲ್ಲಿ, ಅಂದ್ರೆ ಎಡ ಬಲ ಅಂತ ಬೇರೆ ಮಾಡ್ದೆ ಎಲ್ಲಾ ಸೌಂಡೂ ಒಂದೇ ದಾರೀಲಿ ಬರೋ ಹಾಗೆ ಮಾಡಿದ್ರು. ಸುಮಾರು 36 ನಿಮಿಷದ ಅದಕ್ಕೆ 1997ರಲ್ಲಿ 4 ಸಿಡಿ ಬಾಕ್ಸ್ ಬಂತು, ಜೊತೆಗೆ ಹೊಸದಾಗಿ ಸ್ಟೀರಿಯೋ, 2023ರಲ್ಲಿ ಡಾಲ್ಬಿ ಅಟ್ಮಾಸ್, ಅಂದ್ರೆ ಸೂರಿನಿಂದಾನೂ ಸೌಂಡು. ಒಂದೇ ಕಿವಿಯಲ್ಲಿ ಕೇಳಿ ಮಾಡಿದ್ದನ್ನ ಕೇಳೋಕೆ ನಮಗೆ ಎರಡು ಕಿವಿ ಸಾಲ್ದು, ನೆತ್ತಿ ಮೇಲೂ ಒಂದು ಬೇಕು ಈಗ.

ಸರಿ, ಮೇಲೆ ಹೇಳಿದ 125 ಡಾಲರಿನ ಒನ್ ಸ್ಟೆಪ್‌ಗೆ ಬರ್ತೀನಿ, ಅಸಲಿ ಮಜಾ ಇರೋದು ಅಲ್ಲೇ. ಈ ಮೊಬೈಲ್ ಫಿಡೆಲಿಟಿ ರೆಕಾರ್ಡುಗಳ ಮೇಲೆ ‘ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್’ ಅಂತ ದೊಡ್ಡ ಪಟ್ಟಿ ಇರುತ್ತೆ. ಒನ್ ಸ್ಟೆಪ್ ಅಂದ್ರೆ ತಟ್ಟೆ ಒತ್ತೋಕೆ ಮುಂಚಿನ ಕೆಲವು ಹಂತ ಬಿಟ್ಟು ನೇರ ಒತ್ತೋದು. ಭಕ್ತರು ಇದನ್ನೆಲ್ಲಾ ಸೇರ್ಸಿ, ಹಳೇ ಟೇಪಿನಿಂದ ತಟ್ಟೇವರೆಗೆ ಪೂರ್ತಿ ಅನಲಾಗು, ನಡುವೆ ಡಿಜಿಟಲ್ ಅನ್ನೋ ಮೈಲಿಗೆ ಸೋಕೇ ಇಲ್ಲ ಅಂತ ನಂಬಿದ್ರು, ಕಂಪನಿಯೂ ಆ ನಂಬಿಕೇನ ಕೆಡ್ಸೋಕೆ ಹೋಗ್ಲಿಲ್ಲ. ಅನಲಾಗ್ ಅಂದ್ರೆ ಸದ್ದಿನ ಅಲೆಯನ್ನ ಇದ್ದ ಹಾಗೇ ಅಚ್ಚಿಳಿಸೋದು, ಡಿಜಿಟಲ್ ಅಂದ್ರೆ ಅದನ್ನ ಅಂಕಿಗಳಾಗಿ ಮಾಡಿ ಇಡೋದು. ಡಿಜಿಟಲ್ ಅಂದ್ರೆ ಇವರಿಗೆ ಆಗಲ್ಲ, ತಣ್ಣಗಿರುತ್ತಂತೆ, ಒರಟಂತೆ, ಜೀವ ಇಲ್ವಂತೆ, ಅನಲಾಗ್ ಆದ್ರೆ ಬೆಚ್ಚಗಿರುತ್ತಂತೆ, ಒಂದೇ ಸೆಕೆಂಡಲ್ಲಿ ಕಿವಿ ಕಂಡುಹಿಡೀತದಂತೆ.

2022ರಲ್ಲಿ ಕಂಪನಿ ಮೈಕಲ್ ಜಾಕ್ಸನ್ ‘ಥ್ರಿಲ್ಲರ್’ನ ಒನ್ ಸ್ಟೆಪ್‌ನಲ್ಲಿ 40,000 ಪ್ರತಿ ತರ್ತೀವಿ ಅಂತ ಅನೌನ್ಸ್ ಮಾಡ್ತು. ಅಲ್ಲೇ ಸಿಕ್ಕಾಕ್ಕೊಂಡಿದ್ದು. ಈ ವಿಧಾನದಲ್ಲಿ ಟೇಪ್ ಓಡಿಸಿ ಒಂದ್ಸಲ ಅಚ್ಚು ಕೊರೆದ್ರೆ ಸ್ವಲ್ಪವೇ ತಟ್ಟೆ ಬರೋದು, 40,000 ಬೇಕು ಅಂದ್ರೆ ಆ ಅಮೂಲ್ಯ ಟೇಪನ್ನ ಹತ್ತಾರು ಸಲ ಓಡಿಸ್ಬೇಕು, ಯಾವ ತಲೆ ಇರೋ ಕಂಪನಿ ಒಪ್ಪುತ್ತೆ? ಅರಿಝೋನಾದ ಫೀನಿಕ್ಸ್‌ನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿರೋ ಒಬ್ಬಾತ ಜುಲೈನಲ್ಲಿ ವಿಡಿಯೋ ಹಾಕ್ದ, ‘ಇವರು ಡಿಜಿಟಲ್ ಬಳಸ್ತಿದ್ದಾರೆ’ ಅಂತ. ಆಮೇಲೆ ಕ್ಯಾಲಿಫೋರ್ನಿಯಾಗೆ ಹೋಗಿ ಕಂಪನಿ ಇಂಜಿನಿಯರ್‌ಗಳನ್ನೇ ಕ್ಯಾಮೆರಾ ಮುಂದೆ ಕೇಳಿದ್ರೆ ಅವರು ಪಾಪ ಹೌದು ಅಂದ್ಬಿಟ್ರು. ಟೇಪನ್ನ ಮೊದ್ಲು ಡಿಜಿಟಲ್ ಫೈಲ್ ಮಾಡ್ಕೊಂಡು ಅದರಿಂದ ಕೊರೆಯೋದು, ಅದೂ ಇವತ್ತು ನಿನ್ನೆಯಿಂದಲ್ಲ, 2011ರಿಂದ!

ನೋಡಿ, 2011ರಿಂದ 2022. ಅಷ್ಟು ವರ್ಷ ಜಗತ್ತಿನ ಬಂಗಾರದ ಕಿವಿಗಳೆಲ್ಲಾ ಲಕ್ಷಾಂತರ ರೂಪಾಯಿ ಸೆಟ್ ಮುಂದೆ ಕೂತು, ವೈರಿಗೆ ಪೀಠ ಹಾಕಿ, ಡಿಜಿಟಲ್ ಫೈಲನ್ನ ಕೇಳ್ಕೊಂಡು ‘ಅನಲಾಗ್ ಅಂದ್ರೆ ಇದಪ್ಪಾ’ ಅಂತ ತಲೆದೂಗಿದ್ರು. ಕಂಡುಹಿಡಿದಿದ್ದು ಕಿವಿ ಅಲ್ಲ ಸ್ವಾಮಿ, ಕ್ಯಾಲ್ಕುಲೇಟರು. ಕಿವಿ ಮೇಲೆ ಹೂವಿಟ್ರು ಅಂತ ಗೊತ್ತಾದ ಮೇಲೆ ಮೈಮೇಲೆ ದೇವರು ಬಂದಂಗಾಡಿ ಕೋರ್ಟಿಗೆ ಹೋದ್ರು, 2.5 ಕೋಟಿ ಡಾಲರಿನ ರಾಜಿ ಆಯ್ತು, ರೆಕಾರ್ಡ್ ವಾಪಸ್ ಕೊಟ್ರೆ ಪೂರ್ತಿ ದುಡ್ಡು ವಾಪಸ್ ಅಂತಲೂ ಒಂದು ದಾರಿ ಇಟ್ರು. ಒಳ್ಳೇ ಸೌಂಡೇ ಅಲ್ವಾ ಇಷ್ಟು ವರ್ಷ ಕೇಳಿದ್ದು, ಯಾಕೆ ಕೊಡ್ಬೇಕು ಅಂತ ಯಾರಾದ್ರೂ ಕೇಳಿದ್ರೆ, ಅದು ಒಳ್ಳೇ ಸೌಂಡ್ ಅಂತ ಒಪ್ಕೊಂಡಂಗಾಗುತ್ತೆ, ಕೊಟ್ರೆ ಕಿವಿ ಕೆಲ್ಸ ಮಾಡ್ಲಿಲ್ಲ ಅಂತ ಒಪ್ಕೊಂಡಂಗಾಗುತ್ತೆ, ಎರಡಕ್ಕೂ ಇವರಿಗೆ ಮನಸ್ಸಿಲ್ಲ.

ಈಗ ಆ ಕಂಪನಿಯವರು ಟೇಪಿನಿಂದ ತಟ್ಟೇವರೆಗೆ ಯಾವ ಯಾವ ಹಂತ, ಎಲ್ಲಿ ಡಿಜಿಟಲ್, ಎಲ್ಲಿ ಅನಲಾಗ್ ಅಂತ ವಿವರವಾಗಿ ಬರೆದು ಹಾಕ್ತಾರೆ. ಓದಿದ ತಕ್ಷಣ ಎಲ್ರಿಗೂ ಡಿಜಿಟಲ್ ಸ್ಪಷ್ಟವಾಗಿ ಕೇಳ್ಸೋಕೆ ಶುರುವಾಗಿದೆ.