ಎಂಟ್ರಿ ಆಯಿತು, ಮಗು ಏನಾಯಿತು?

ತಾಲ್ಲೂಕೊಂದರ ಅಂಗನವಾಡಿಗಳ ಪ್ರಗತಿ ಪರಿಶೀಲನಾ ಸಭೆಗೆ ತಯಾರಾದ ಹಾಳೆ ನೋಡಿದೆ. ಆಗಿನಿಂದ ಸಿಟ್ಟು ಇಳಿದಿಲ್ಲ. ತೂಕ ಹಾಕಿದ ಮಕ್ಕಳು, ಎತ್ತರ ಅಳೆದ ಮಕ್ಕಳು, ಆಧಾರ್ ಜೋಡಣೆ, ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತು, ಎಲ್ಲಕ್ಕೂ ಶೇಕಡಾವಾರು ಕಾಲಂ ಇದೆ. ಹಿಂದಿನ ತಿಂಗಳು ಸ್ಯಾಮ್ (ತೀವ್ರ ಅಪೌಷ್ಟಿಕತೆ) ಪಟ್ಟಿಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಚೇತರಿಸಿಕೊಂಡರು ಅನ್ನೋದಕ್ಕೆ ಮಾತ್ರ ಕಾಲಂ ಇಲ್ಲ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರಲ್ಲಿ, ನಮ್ಮ ಟಿ. ನರಸೀಪುರ ಆ ಮೊದಲ 33 ಪ್ರಾಜೆಕ್ಟುಗಳಲ್ಲಿ ಒಂದು. ಐವತ್ತು ವರ್ಷ ಕಳೆದರೂ ನಾವಿನ್ನೂ ಎಂಟ್ರಿ ಎಣಿಸ್ತಾ ಕೂತಿದ್ದೀವಿ.

ಆ ಎಂಟ್ರಿಯಾದರೂ ಸರಿಯಾಗಿದೆಯಾ? ಎರಡು ವರ್ಷದೊಳಗಿನ ಮಗುವನ್ನು ಇನ್ಫ್ಯಾಂಟೋಮೀಟರ್ ಮೇಲೆ ಮಲಗಿಸಿ ಉದ್ದ ನೋಡಬೇಕು, ಅದಕ್ಕಿಂತ ದೊಡ್ಡವರನ್ನು ಸ್ಟೇಡಿಯೋಮೀಟರ್‌ಗೆ ನಿಲ್ಲಿಸಬೇಕು. ಮಲಗಿಸಬೇಕಾದ ಮಗುವನ್ನು ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತೆ. ಚಪ್ಪಲಿ, ಜುಟ್ಟಿನ ಕ್ಲಿಪ್ ತೆಗೀಬೇಕು, ಹಿಮ್ಮಡಿ ಹಲಗೆಗೆ ತಾಗಬೇಕು, ಮಂಡಿ ನೆಟ್ಟಗಿರಬೇಕು. ಇದು ಇಬ್ಬರ ಕೆಲಸ: ನಿಲ್ಲಿಸಿ ಅಳೆಯುವಾಗ ಒಬ್ಬರು ಮಂಡಿ ಹಿಡೀಬೇಕು, ಇನ್ನೊಬ್ಬರು ತಲೆ ನೇರ ಮಾಡಿ ಅಳತೆ ಓದಬೇಕು. ಸಹಾಯಕಿ ಅಡುಗೆಯಲ್ಲಿದ್ದರೆ ಟೀಚರ್ ಒಬ್ಬರೇ ಅಳೋ ಮಗುವನ್ನು ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡ್ಕೊಂಡು ಅಳೀತಾರೆ. ಮಂಡಿ ಬಗ್ಗುತ್ತೆ, ಎರಡು ಸೆಂ.ಮೀ. ಹೋಗಿಬಿಡುತ್ತೆ.

ಆ ಎರಡು ಸೆಂ.ಮೀ. ಸಣ್ಣದಲ್ಲ. ಎರಡು ವರ್ಷ ದಾಟಿದ, 87 ಸೆಂ.ಮೀ. ಎತ್ತರದ ಗಂಡುಮಗು 9.4 ಕೆಜಿ ಇದ್ದರೆ ಅದು ಸ್ಯಾಮ್. ಡಬ್ಲ್ಯುಎಚ್‌ಒ ಕೋಷ್ಟಕದಲ್ಲಿ ಆ ಎತ್ತರಕ್ಕೆ ಗಡಿ 9.6. ಅದೇ ಮಗುವಿನ ಎತ್ತರ 85 ಅಂತ ಎಂಟ್ರಿಯಾದರೆ ಗಡಿ 9.2ಕ್ಕೆ ಇಳಿದು ಮಗು ಪಟ್ಟಿಯಿಂದಲೇ ಹೊರಗೆ. ಜೊತೆಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ ಕುಂಠಿತದ ಲೆಕ್ಕದ ಕಡೆಗೆ ಜಾರುತ್ತೆ. ಅಂದರೆ ಎತ್ತರ ಕಡಿಮೆ ಬರೆದಷ್ಟೂ ಕೃಶತೆ (ಎತ್ತರಕ್ಕೆ ತಕ್ಕ ತೂಕ ಇಲ್ಲದಿರೋದು) ಇಳಿಯುತ್ತೆ, ಕುಂಠಿತ ಏರುತ್ತೆ.

ಈಗ ದೇಶದ ಅಂಕಿ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್-5ರಲ್ಲಿ ಕೃಶತೆ ಶೇ. 19.3, ಕುಂಠಿತ ಶೇ. 35.5. ಟೀಚರ್‌ಗಳು ಅಳತೆ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಪ್ರಕಾರ 2025ರ ಮಧ್ಯದಲ್ಲಿ ಕೃಶತೆ ಶೇ. 5-6ರ ಆಸುಪಾಸು, ಕುಂಠಿತ ಸುಮಾರು ಶೇ. 37 ಇತ್ತು. ಯಾವ ಮಕ್ಕಳು ನೋಂದಣಿಯಾಗಿದ್ದಾರೆ, ಯಾವ ಕಾಲದಲ್ಲಿ ಅಳೆದರು ಅನ್ನೋ ಕಾರಣಗಳೂ ಇರಬಹುದು. ಆದರೆ ಕೃಶತೆ ಕಾಲುಭಾಗದಷ್ಟಕ್ಕೆ ಇಳಿದು ಕುಂಠಿತ ಅಲ್ಲೇ ನಿಂತರೆ, ಮೊದಲು ಎತ್ತರದ ಅಳತೆಯನ್ನೇ ಅನುಮಾನಿಸಬೇಕು.

ಟೀಚರ್‌ಗಳನ್ನು ದೂರ್ತಿಲ್ಲ. ಸರಿಯಾಗಿ ಅಳೆದು ನಾಲ್ಕು ಸ್ಯಾಮ್ ಮಕ್ಕಳನ್ನು ತೋರಿಸಿದವರಿಗೆ ಸಭೆಯಲ್ಲಿ "ನಿಮ್ಮಲ್ಲೇ ಯಾಕಮ್ಮ ಇಷ್ಟು?" ಅನ್ನೋ ಪ್ರಶ್ನೆ. ಸೊನ್ನೆ ತೋರಿಸಿದವರಿಗೆ ಪ್ರಶ್ನೆಯೇ ಇಲ್ಲ. ಕಾಯಿಲೆ ಕಂಡುಹಿಡಿದವರನ್ನೇ ಬೈದರೆ ಮುಂದಿನ ತಿಂಗಳು ಯಾರು ತೋರಿಸ್ತಾರೆ?

"ಆ್ಯಪ್ ಬಂದಮೇಲಾದರೂ ತಿಂಗಳಾ ತೂಕ ಹಾಕ್ತಿದ್ದಾರಲ್ಲ, ಮೊದಲು ಅದೂ ಇರಲಿಲ್ಲ" ಅಂತಾರೆ. ಒಪ್ಪಿದೆ. ಆದರೆ ತೂಕ ಹಾಕೋದರಿಂದ ಮಗು ದಪ್ಪಗಾಗಲ್ಲ. 9.4 ಅಂತ ಬರೆದ ಮೇಲೆ ಏನು ಮಾಡಿದಿರಿ ಅಂತ ಕೇಳದಿದ್ದರೆ ಆ ತೂಕದ ಉಪಯೋಗ ಹಾಳೆಗೆ ಮಾತ್ರ.

ಕೇಳಬೇಕಾದ ಲೆಕ್ಕ ಹೊಸದೂ ಅಲ್ಲ. ತೀವ್ರ ಅಪೌಷ್ಟಿಕತೆಯ ಚಿಕಿತ್ಸೆಗೆ ಸ್ಫಿಯರ್ ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ: ಕಾರ್ಯಕ್ರಮದಿಂದ ಹೊರಬಂದ ಮಕ್ಕಳಲ್ಲಿ ಚೇತರಿಸಿಕೊಂಡವರು ಶೇ. 75ಕ್ಕಿಂತ ಹೆಚ್ಚು, ಮಧ್ಯದಲ್ಲಿ ಬಿಟ್ಟವರು ಶೇ. 15ಕ್ಕಿಂತ ಕಡಿಮೆ, ತೀರಿಕೊಂಡವರು ಶೇ. 10ಕ್ಕಿಂತ ಕಡಿಮೆ ಇರಬೇಕು. ಪ್ರತಿ ತಾಲ್ಲೂಕಿನ ಹಾಳೆಯಲ್ಲೂ ಈ ಮೂರು ಕಾಲಂ ಬರಲಿ. ಸೂಪರ್‌ವೈಸರ್ ಭೇಟಿ ಕೊಟ್ಟಾಗ ರಿಜಿಸ್ಟರ್‌ಗೆ ಸಹಿ ಹಾಕಿ ಬರೋ ಬದಲು ಐದು ಮಕ್ಕಳನ್ನು ಮತ್ತೆ ಅಳೆಯಲಿ, ಟೀಚರ್ ಬರೆದ ಎತ್ತರಕ್ಕೂ ಅದಕ್ಕೂ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೆಮೊ ಬೇಡ, ಅಲ್ಲೇ ಕೂತು ಹೇಳಿಕೊಡಲಿ. ತೋಳಿನ ಸುತ್ತಳತೆ ಪಟ್ಟಿಯನ್ನೂ ಬಳಸಲಿ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದೂ ಸ್ಯಾಮ್, ಅದಕ್ಕೆ ಎತ್ತರ ಬೇಕಾಗೇ ಇಲ್ಲ.

ಇನ್ನು ಎನ್‌ಆರ್‌ಸಿಗೆ (ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ) ಸೇರಿಸಿದ ಮಗುವನ್ನು ತಾಯಿ ನಾಲ್ಕನೇ ದಿನಕ್ಕೆ ಕರ್ಕೊಂಡು ಹೋದರೆ "ಪೋಷಕರು ಸಹಕರಿಸಲಿಲ್ಲ" ಅಂತ ಬರೆದು ಕೈತೊಳೆದುಕೊಳ್ಳೋದು ನಿಲ್ಲಲಿ. ಸುಮಾರು ಎರಡು ವಾರ ಅಲ್ಲಿರಬೇಕು. ಕೂಲಿ ನಷ್ಟದ ದುಡ್ಡು ಅವಳ ಕೈಗೆ ಯಾವತ್ತು ಬಂತು, ಮನೆಯಲ್ಲಿ ಉಳಿದ ಮಕ್ಕಳನ್ನು ಯಾರು ನೋಡಿಕೊಂಡರು, ಇದನ್ನೂ ಅದೇ ಹಾಳೆಯಲ್ಲಿ ಬರೀರಿ. ಉತ್ತರ ತಾಯಿಯಿಂದಲ್ಲ, ಕಚೇರಿಯಿಂದ ಬರಬೇಕು.