ಮುಂದೆ ಸ್ಪ್ರಿಂಗು, ಹಿಂದೆ ದೇವರೇ ಗತಿ

ನನ್ನ ಸೈಕಲ್ಲಿಗೆ ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್. ಹಿಂದೆ ಬರೀ ಪೈಪು. ಇಂಥ ಸೈಕಲ್ಲಿಗೆ ಹಾರ್ಡ್‌ಟೇಲ್ ಅನ್ನುತ್ತಾರೆ. ಆರು ವರ್ಷದ ಹಿಂದೆ 32,000 ರೂಪಾಯಿ ಸುರಿದು ಅದನ್ನು ಮನೆಗೆ ತಂದ ದಿನ ಅಪ್ಪ ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿದರು. ಹ್ಯಾಂಡಲ್ ಒತ್ತಿ ನೋಡಿದರು. ಸೀಟು ಒತ್ತಿ ನೋಡಿದರು. ಆಮೇಲೆ ಕೇಳಿದರು.

"ಕೂರೋದು ಎಲ್ಲೋ?"

"ಸೀಟ್ ಮೇಲೆ."

"ಸ್ಪ್ರಿಂಗ್ ಇರೋದು?"

"ಮುಂದೆ."

"ಸರಿ ಬಿಡು" ಅಂದು ಒಳಗೆ ಹೋದರು.

ಅಪ್ಪ ಮೂವತ್ತು ಚಿಲ್ಲರೆ ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಡ್ಯೂಟಿಗೆ ಹೋಗುತ್ತಿದ್ದ ಕಪ್ಪು ಸೈಕಲ್ ಇವತ್ತಿಗೂ ಹಿತ್ತಲಲ್ಲಿದೆ. ಅದರ ಮುಂದೆ ಸ್ಪ್ರಿಂಗ್ ಗಿಂಗ್ ಏನೂ ಇಲ್ಲ. ಸೀಟಿನಡಿ ಎರಡು ದಪ್ಪ ಸುರುಳಿ. ಪೆಟ್ಟು ಎಲ್ಲಿಗೆ ಬೀಳುತ್ತೆ ಅಂತ ನೋಡಿ ಮಾಡಿದ ಸೈಕಲ್ ಅದು ಅನ್ನುವುದು ಅಪ್ಪನ ವಾದ. ನನಗೆ ಆಗ ಉತ್ತರ ಹೊಳೆಯಲಿಲ್ಲ.

ಮೈಸೂರಲ್ಲಿ ಸೈಕಲ್ ಇಟ್ಟುಕೊಂಡವರು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಲೇಬೇಕು. ನಾನೂ ಹತ್ತುತ್ತೇನೆ, ನಂದಿಯವರೆಗೆ. ಅಲ್ಲಿ ಕೈಮುಗಿಯುವ ನೆಪದಲ್ಲಿ ಹತ್ತು ನಿಮಿಷ ಉಸಿರು ಎಳೆದುಕೊಳ್ಳುತ್ತೇನೆ. ನನ್ನಷ್ಟು ಹೊತ್ತು ನಂದಿಗೆ ಕೈಮುಗಿದವರು ಯಾರೂ ಇರಲಾರರು. ಇಳಿದ ಮೇಲೆ ಲಲಿತಾದ್ರಿಪುರದ ಕಡೆ ಮಣ್ಣು ದಾರಿ ಹಿಡಿದರೆ ಕಲ್ಲು, ಕೊರಕಲು, ಒಂದಿಷ್ಟು ನವಿಲು. ಹೋದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಅಲ್ಲೇ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದುಕೊಂಡ ಆ ಶಾಕ್ ಅಬ್ಸಾರ್ಬರಿನ ಕವಲು, ಕೈಕೊಟ್ಟಿತು. ಒಂದು ಕೊರಕಲಿಗೆ ಇಳಿದಾಗ ಕಿರ್ರ್ ಅಂತ ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಮೂತಿ ಕೆಳಗೆ ಮಾಡಿಕೊಂಡ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ.

ತಪ್ಪು ನನ್ನದೇ. ಫೋರ್ಕಿನ ಕೆಳಗಿನ ಕಾಲುಗಳನ್ನು ಬಿಚ್ಚಿ, ಒರೆಸಿ, ಹೊಸ ಎಣ್ಣೆ ಹಾಕಬೇಕು. 50 ಗಂಟೆ ಓಡಿಸಿದರೆ ಒಂದು ಸಲ ಅನ್ನುವುದು ಸಾಮಾನ್ಯ ಲೆಕ್ಕ. ನಾನು ಆರು ವರ್ಷದಲ್ಲಿ ಹೆಂಡತಿಯ ಹಳೇ ವೇಲಿನಿಂದ ಎರಡು ಸಲ ಒರೆಸಿದ್ದೆ. ಅದೂ ಫೋಟೋ ತೆಗೆಯುವುದಕ್ಕೆ.

ಹೊಸದು ಹಾಕಿಸೋಣ, ಒಳ್ಳೆಯದನ್ನೇ ಹಾಕಿಸೋಣ ಅಂತ ತೀರ್ಮಾನ ಮಾಡಿದೆ. ಅಂಗಿ ಕೊಂಡ ಹಾಗೆ ಅಂದುಕೊಂಡಿದ್ದೆ. ಅಲ್ಲ, ಹಳೇ ಮನೆಗೆ ಹೊಸ ಬಾಗಿಲು ಕೂರಿಸಿದ ಹಾಗೆ. ಬಾಗಿಲು ಎಷ್ಟೇ ಚೆನ್ನಾಗಿರಲಿ, ಚೌಕಟ್ಟು ಒಪ್ಪಬೇಕಲ್ಲ.

ಫೋರ್ಕಿನ ತಲೆಯ ಮೇಲೆ ಒಂದು ಪೈಪ್ ಇರುತ್ತದೆ, ಸ್ಟಿಯರರ್ ಅಂತ. ಅದು ಫ್ರೇಮಿನ ಮುಂದಿನ ಪೈಪಿನೊಳಗೆ ತೂರಿ ಮೇಲೆ ಬಂದು ಹ್ಯಾಂಡಲ್ ಹಿಡಿದುಕೊಳ್ಳುತ್ತದೆ. ಈಗಿನ ಒಳ್ಳೆಯ ಫೋರ್ಕುಗಳಲ್ಲಿ ಹೆಚ್ಚಿನವಕ್ಕೆ ಈ ಪೈಪ್ ಬುಡದಲ್ಲಿ ದಪ್ಪ, ಒಂದೂವರೆ ಇಂಚು. ನನ್ನ ಫ್ರೇಮ್ ಹಳೇ ಕಾಲದ್ದು. ಅದಕ್ಕೆ ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪ ಬೇಕು, 28.6 ಮಿಲಿಮೀಟರ್. "ಇಂಚಿನ ಮೇಲೊಂದು ನೂಲು ಅನ್ನು" ಅಂದರು ಅಪ್ಪ. ಅಷ್ಟು ಹೊತ್ತಿಗೆ ಅವರ ವರ್ನಿಯರ್ ಕ್ಯಾಲಿಪರ್ ಬೀರುವಿನಿಂದ ಹೊರಗೆ ಬಂದಿತ್ತು. ಬೈಯುವುದು ಬೇರೆ, ಅಳತೆ ಬೇರೆ. ಅಳತೆ ವಿಷಯ ಬಂದರೆ ಅಪ್ಪನಿಗೆ ತಡೆಯಲು ಆಗುವುದಿಲ್ಲ.

ಇನ್ನು ಚಕ್ರ. ನನ್ನದು 27.5 ಇಂಚಿನದು. ಅದರ ಅಚ್ಚು 9 ಮಿಲಿಮೀಟರಿನ ಕ್ವಿಕ್ ರಿಲೀಸ್, ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚುವಂಥದ್ದು. ನಾನು ಮೆಚ್ಚಿದ ಫೋರ್ಕುಗಳೆಲ್ಲ 15 ಮಿಲಿಮೀಟರಿನ ದಪ್ಪ ಅಚ್ಚು ಕೇಳುತ್ತಿದ್ದವು. ಅದರಲ್ಲೂ ಎರಡು ಅಗಲ, 100 ಮತ್ತು 110. ಆ ಹತ್ತು ಮಿಲಿಮೀಟರ್ ಜಾಸ್ತಿಗೆ ಬೂಸ್ಟ್ ಅಂತ ಹೆಸರು, ಹಾಲಿಗೆ ಬೆರೆಸಿ ಕುಡಿಯುವ ಪುಡಿಯ ಹಾಗೆ. ಅದು ಬೇಕಾದರೆ ಹಬ್, ಅಂದರೆ ಚಕ್ರದ ನಡುವಿನ ಭಾಗ, ಬದಲಾಗಬೇಕು. ಹಬ್ ಬದಲಾದರೆ ಚಕ್ರವನ್ನೇ ಮತ್ತೆ ಕಟ್ಟಿಸಬೇಕು. ಈ ಲೆಕ್ಕ ಹೆಂಡತಿಗೆ ಒಪ್ಪಿಸಿದೆ.

"ರೀ, ಒಂದು ಗುಂಡಿ ಸಿಕ್ತು ಅಂತ ಅದಕ್ಕೊಂದು ಅಂಗಿ ಹೊಲಿಸ್ತೀರಾ?"

ಹೊಲಿಸಲಿಲ್ಲ.

ಆದರೆ ಆಸೆ ಅಷ್ಟಕ್ಕೇ ಬಿಡುತ್ತದಾ? ಫೋರ್ಕ್ ಎಷ್ಟು ಕುಗ್ಗುತ್ತದೋ ಅದಕ್ಕೆ ಟ್ರಾವೆಲ್ ಅನ್ನುತ್ತಾರೆ. ನನ್ನ ಫ್ರೇಮಿಗೆ ಹೇಳಿದ್ದು 100 ಮಿಲಿಮೀಟರ್. ಅಂಗಡಿಯಲ್ಲಿ 140ರದ್ದು ಒಂದು ತೂಗುಹಾಕಿದ್ದರು. ಎಂಥ ಕಾಲುಗಳು, ಬಾಳೆಯ ದಿಂಡಿನ ಹಾಗೆ! 40 ಮಿಲಿಮೀಟರ್ ಜಾಸ್ತಿ ಇದ್ದರೆ ನಷ್ಟ ಏನು ಅಂದುಕೊಂಡೆ. ನಷ್ಟ ಇದೆ. ಮುಂಭಾಗ 20 ಮಿಲಿಮೀಟರ್ ಏರಿದರೆ ಹ್ಯಾಂಡಲ್ಲಿನ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. 40ಕ್ಕೆ ಎರಡು ಡಿಗ್ರಿ. ಆಗ ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ, ಫ್ರೇಮಿನ ಕತ್ತಿನ ಮೇಲೆ ಅದು ತಡೆಯದಷ್ಟು ಒತ್ತಡ ಬೀಳುತ್ತದೆ. ನಾನು ಹೇಗೂ ನಂದಿಯವರೆಗೇ ಹತ್ತುವವನು. ಇನ್ನು ಚಕ್ರವೂ ಅಲೆದರೆ ಕೈಮುಗಿಯುವುದು ಬುಡದಲ್ಲೇ.

ಸರಿ, 100 ಮಿಲಿಮೀಟರ್, ನೇರ ಪೈಪು, 9ರ ಅಚ್ಚು. ಹೊಸದು ಇದ್ದರೂ ಬೆಲೆ ನೋಡಿ ಎದೆ ಝಲ್ಲೆಂದಿತು. ಸೆಕೆಂಡ್ ಹ್ಯಾಂಡ್ ಹುಡುಕಿದೆ. ಬೆಂಗಳೂರಿನ ಜಯನಗರದಲ್ಲಿ ಒಬ್ಬರ ಹತ್ತಿರ ಸಿಕ್ಕಿತು. ಏರ್ ಫೋರ್ಕು, ಗೀರಿಲ್ಲ, 7,000. ಪೇಪರಿನಲ್ಲಿ ಸುತ್ತಿ ಎದೆಗವಚಿಕೊಂಡು ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಕೂತೆ. ಎದುರಿಗಿದ್ದ ಹಿರಿಯರು ರಾಮನಗರದವರೆಗೆ ತಡೆದುಕೊಂಡರು. ಆಮೇಲೆ ಆಗಲಿಲ್ಲ.

"ನಾದಸ್ವರಾನಾ?"

"ಅಲ್ಲ ಸರ್, ಸೈಕಲ್ ಫೋರ್ಕು."

"ಸೈಕಲ್ ಎಲ್ಲಿ?"

"ಮೈಸೂರಲ್ಲಿ."

ಅವರು ಮಂಡ್ಯದವರೆಗೆ ನನ್ನನ್ನೇ ನೋಡುತ್ತಾ ಕೂತರು. ಮದ್ದೂರಿನಲ್ಲಿ ವಡೆ ಕೊಂಡಾಗಲೂ ಕಣ್ಣು ತೆಗೆಯಲಿಲ್ಲ.

ಮನೆಯಲ್ಲಿ ಪೇಪರ್ ಬಿಚ್ಚಿದೆ. ಅಪ್ಪ ದಪ್ಪ ಅಳೆದರು, ಸರಿ ಇತ್ತು. ಅಚ್ಚಿನ ಜಾಗ ಅಳೆದರು, ಸರಿ ಇತ್ತು. ಆಮೇಲೆ ಪೈಪಿನ ಉದ್ದಕ್ಕೆ ಟೇಪು ಹಿಡಿದು ಸುಮ್ಮನಾದರು. ಫೋರ್ಕ್ ಹೊಸದಾಗಿ ಬರುವಾಗ ಸ್ಟಿಯರರ್ ಉದ್ದವಾಗಿರುತ್ತದೆ, ಅವರವರ ಫ್ರೇಮಿಗೆ ತಕ್ಕಂತೆ ಕತ್ತರಿಸಿಕೊಳ್ಳಬೇಕು. ಮೊದಲಿನ ಮಾಲೀಕರು ತಮ್ಮ ಫ್ರೇಮಿಗೆ ತಕ್ಕಂತೆ ಕತ್ತರಿಸಿಕೊಂಡಿದ್ದರು. ಅವರದು ಚಿಕ್ಕ ಫ್ರೇಮು. ನನಗೆ ಬೇಕಿದ್ದದ್ದು 18.5 ಸೆಂಟಿಮೀಟರ್. ಇದ್ದದ್ದು 15.5.

"ಏನಾದ್ರೂ ಮಾಡೋಕಾಗಲ್ವಾ ಅಪ್ಪ?"

"ಕತ್ತರಿಸಿದ್ದನ್ನ ಉದ್ದ ಮಾಡೋ ಮಿಷನ್ನು ನಮ್ಮ ಫ್ಯಾಕ್ಟರೀಲೂ ಇರಲಿಲ್ಲ ಕಣೋ."

ಮಾರಿದವರು ಮೋಸ ಮಾಡಲಿಲ್ಲ. ನಾನು ಕೇಳಲಿಲ್ಲ, ಅಷ್ಟೇ. ಹುಡುಗಿ ನೋಡಲು ಹೋದವನು ಉಪ್ಪಿಟ್ಟನ್ನೇ ನೋಡಿ ಬಂದ ಹಾಗಾಯಿತು. ಆ ಫೋರ್ಕ್ ಈಗ ಅಟ್ಟದ ಮೇಲಿದೆ. ಗಿಡ್ಡ ಫ್ರೇಮಿನವರು ಯಾರಾದರೂ ಇದ್ದರೆ ಹೇಳಿ.

ಕೊನೆಗೆ ಹೊಸದೇ. ರಾಕ್‌ಶಾಕ್ಸ್, ಸನ್‌ಟೂರ್ ಥರದ ಕಂಪನಿಗಳು ನನ್ನಂಥ ಹಳೇ ಫ್ರೇಮಿನವರನ್ನು ಪೂರ್ತಿ ಕೈಬಿಟ್ಟಿಲ್ಲ, ನೇರ ಪೈಪಿನ ಮಾಡೆಲ್ ಒಂದೆರಡು ಇಟ್ಟಿವೆ. ಕಾಯಿಲ್ ಬೇಡ, ಏರ್ ತಗೋ ಅಂದರು ಗೊತ್ತಿದ್ದವರು. ಒಳಗೆ ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿ. ನಮ್ಮ ತೂಕಕ್ಕೆ ತಕ್ಕಷ್ಟು ತುಂಬಿಕೊಳ್ಳಬಹುದು. ಹಳೆಯದಕ್ಕಿಂತ ಅರ್ಧ ಕಿಲೋ ಹಗುರ ಬೇರೆ. ಇದನ್ನು ಮನೆಯಲ್ಲಿ ಹೇಳಬಾರದಿತ್ತು.

"ಅರ್ಧ ಕಿಲೋ ಇಳಿಸೋಕೆ 17,000 ರೂಪಾಯಾ? ಸಂಜೆ ಬಜ್ಜಿ ಬಿಡಿ, ತಿಂಗಳಿಗೆ ಎರಡು ಕಿಲೋ ಫ್ರೀ."

ಕೂರಿಸುವ ಕೆಲಸ ಮನೆಯಲ್ಲೇ ಅಂತ ಅಪ್ಪ ಘೋಷಿಸಿದರು. ಪೈಪ್ ಕತ್ತರಿಸುವ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅಪ್ಪ ಮೂರು ಸಲ ಅಳೆದರು. ನನಗೆ ಅಳೆಯಲು ಹೇಳಿ, ನನ್ನ ಅಳತೆ ನಂಬದೆ ನಾಲ್ಕನೇ ಸಲ ಅಳೆದರು. ಐದು ಮಿಲಿಮೀಟರ್ ಜಾಸ್ತಿಯೇ ಬಿಟ್ಟು ಗುರುತು ಹಾಕಿದರು. ಹ್ಯಾಕ್ಸಾ ಬ್ಲೇಡು ಒಂದೇ ಲಯದಲ್ಲಿ ಓಡಿತು. ಅರದಿಂದ ಅಂಚು ಉಜ್ಜಿ, ಬೆರಳಾಡಿಸಿ, ಫೂ ಅಂತ ಊದಿದರು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಕೈ ನಡುಗಲಿಲ್ಲ. ನಿಜ ಹೇಳಬೇಕೆಂದರೆ 17,000ದಲ್ಲಿ ಅರ್ಧ ಆ ಹತ್ತು ನಿಮಿಷಕ್ಕೇ ವಸೂಲಾಯಿತು.

ಅನಾಹುತ ಆದದ್ದು ಬೇರೆ ಕಡೆ. ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದೆವು. ನನ್ನದು ಎಣ್ಣೆಯ ಡಿಸ್ಕ್ ಬ್ರೇಕು. ಮಧ್ಯೆ ಡಿಸ್ಕ್ ಇಲ್ಲದಾಗ ಬ್ರೇಕ್ ಹಿಡಿದರೆ ಒಳಗಿನ ಪಿಸ್ಟನ್‌ಗಳು ಮುಂದೆ ಬಂದು ಪ್ಯಾಡುಗಳು ಒಂದಕ್ಕೊಂದು ಅಪ್ಪಿಕೊಳ್ಳುತ್ತವೆ. ಇದು ನನಗೆ ಗೊತ್ತಿತ್ತು. ಐದು ವರ್ಷದ ಮಗಳಿಗೆ ಗೊತ್ತಿರಲಿಲ್ಲ. ಅವಳು ಸೈಕಲ್ ಪಕ್ಕ ನಿಂತು "ತಾತಾ, ನಾನು ಬಸ್ಸು" ಅಂತ ಮೈಸೂರಿಂದ ನಂಜನಗೂಡಿನವರೆಗೆ ಹೋದಳು. ದಾರಿಯಲ್ಲಿ ಸುಮಾರು ಸ್ಟಾಪು. ಪ್ರತಿ ಸ್ಟಾಪಿಗೂ ಬ್ರೇಕು. ಆಮೇಲೆ ಡಿಸ್ಕ್ ತೂರಿಸಲು ಹೋದರೆ ಕಾಗದ ಹಿಡಿಸುವಷ್ಟೂ ಜಾಗವಿಲ್ಲ. ಅವನ್ನು ಹಿಂದಕ್ಕೆ ತಳ್ಳಲು ನಾವಿಬ್ಬರೂ ಒಂದು ಗಂಟೆ ಕೂತೆವು. ಕಂಡಕ್ಟರ್ ಮೊಸರನ್ನ ತಿಂದು ಮಲಗಿದ್ದಳು.

ಗಾಳಿ ತುಂಬುವುದಕ್ಕೂ ಬೇರೆ ಪಂಪು. ಟೈರಿನ ಪಂಪಿನಿಂದ ಆಗುವುದಿಲ್ಲ. ಫೋರ್ಕಿನ ಒಳಗೆ ಜಾಗ ಚಿಕ್ಕದು, ಒತ್ತಡ ಜಾಸ್ತಿ. ನಾನು ಹಟ ಹಿಡಿದು ಟೈರಿನದನ್ನೇ ಹಾಕಿದೆ. ತುಂಬಿದ್ದೆಲ್ಲ ಪೈಪ್ ತೆಗೆಯುವಾಗ ಬುಸ್ ಅಂತ ಹೋಯಿತು. 1,500 ಕೊಟ್ಟು ಶಾಕ್ ಪಂಪ್ ತಂದೆ. ಎಷ್ಟು ತುಂಬಬೇಕು ಅನ್ನುವ ಪಟ್ಟಿ ಫೋರ್ಕಿನ ಕಾಲ ಮೇಲೇ ಅಂಟಿಸಿತ್ತು, ಸವಾರನ ತೂಕದ ಲೆಕ್ಕದಲ್ಲಿ. ನನ್ನ ತೂಕ 72. ಅಂದರೆ ಮದುವೆ ಸಮಯದಲ್ಲಿ. ಅದನ್ನೇ ನಂಬಿ ತುಂಬಿದೆ.

ಸೈಕಲ್ ಮೇಲೆ ಸುಮ್ಮನೆ ಕೂತಾಗ ಫೋರ್ಕ್ ಸ್ವಲ್ಪ ಕುಗ್ಗಬೇಕು, 100ರಲ್ಲಿ 20 ಮಿಲಿಮೀಟರಿನಷ್ಟು. ಅದಕ್ಕೆ ಸ್ಯಾಗ್ ಅನ್ನುತ್ತಾರೆ. ನಾನು ಗೋಡೆ ಹಿಡಿದು ಕೂತೆ, ಅಪ್ಪ ಅಳೆದರು. 34.

"ಎಷ್ಟು ತೂಕ ಅಂತ ಹಾಕಿದ್ದೀಯ?"

"72."

ಅಪ್ಪ ಮಾತಾಡಲಿಲ್ಲ. ಬೀದಿ ಕೊನೆಯ ಅಕ್ಕಿ ಅಂಗಡಿಗೆ ಕರೆದುಕೊಂಡು ಹೋಗಿ, ಸೋನಾ ಮಸೂರಿ ಮೂಟೆ ಇಳಿಸಿ, ಆ ಜಾಗಕ್ಕೆ ನನ್ನನ್ನು ಹತ್ತಿಸಿದರು. 84.6. ಅಂಗಡಿಯವರು ಅಭ್ಯಾಸಬಲದಿಂದ ಚೀಟಿಯಲ್ಲಿ ಬರೆದೂ ಕೊಟ್ಟರು. ಹೆಂಡತಿ ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದಾಳೆ.

ಮುಂದಿನ ಭಾನುವಾರ ಅದೇ ಮಣ್ಣು ದಾರಿ. ಮೊದಲು ರಿಬೌಂಡ್ ತಿರುಪು ಪೂರ್ತಿ ಬಿಚ್ಚಿಟ್ಟಿದ್ದೆ, ಪ್ರತಿ ಕಲ್ಲಿಗೂ ಹ್ಯಾಂಡಲ್ ಮೇಕೆಮರಿಯಂತೆ ಜಿಗಿಯಿತು. ಅದು ಒಳಗೆ ಹೋದದ್ದು ಎಷ್ಟು ಬೇಗ ವಾಪಸ್ ಬರಬೇಕು ಅನ್ನುವ ತಿರುಪು. ಸ್ವಲ್ಪ ಬಿಗಿ ಮಾಡಿದೆ. ಆಹಾ! ಹಳೇ ಫೋರ್ಕನ್ನು ನುಂಗಿದ ಆ ಕೊರಕಲು ಬಂದಿತು, ಹೋಯಿತು. ಕೈಗೆ ಗೊತ್ತೇ ಆಗಲಿಲ್ಲ.

ಕೈಗೆ. ಉಳಿದದ್ದಕ್ಕೆ ಗೊತ್ತಾಯಿತು. ಮುಂದೆ ನುಣ್ಣಗಾಗಿದ್ದಕ್ಕೆ ಹುರುಪು ಬಂದು ಜೋರಾಗಿ ಹೋದೆ. ಜೋರಾಗಿ ಹೋದಷ್ಟೂ ಹಿಂದೆ ಜೋರಾಗಿ ಬಿತ್ತು. ಸಂಜೆ ದಿಂಬಿನ ಮೇಲೆ ದಿಂಬು ಹಾಕಿ ಕೂತಿದ್ದನ್ನು ಅಪ್ಪ ನೋಡಿದರು. ಅವರು ಬಾಯಿ ತೆಗೆಯುವ ಮೊದಲೇ ನಾನು ಇತಿಹಾಸ ಶುರುಮಾಡಿದೆ. 1989ರಲ್ಲಿ ಅಮೆರಿಕದ ಪಾಲ್ ಟರ್ನರ್ ರಾಕ್‌ಶಾಕ್ಸ್ ಫೋರ್ಕ್ ತಂದದ್ದು, ಅದು ಐದು ಸೆಂಟಿಮೀಟರೂ ಕುಗ್ಗುತ್ತಿರಲಿಲ್ಲ ಅನ್ನುವುದು, 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಗ್ರೆಗ್ ಹರ್ಬೋಲ್ಡ್ ಅದನ್ನೇ ಹಾಕಿಕೊಂಡು ಬೆಟ್ಟ ಇಳಿಯುವ ವಿಶ್ವ ಚಾಂಪಿಯನ್ ಆದದ್ದು, ಎಲ್ಲ ಹೇಳಿದೆ. ಹಿಂದೆ ಸ್ಪ್ರಿಂಗ್ ಬೇಕಾಗಿಲ್ಲ, ಮೊಣಕಾಲೇ ಸ್ಪ್ರಿಂಗು ಅಂದೆ.

"ಅಂದ್ರೆ ಅವನು ಕೂತಿರಲಿಲ್ಲ?"

"ಇಲ್ಲ. ಇಳಿಜಾರಲ್ಲಿ ಪೆಡಲ್ ಮೇಲೆ ನಿಂತೇ ಓಡಿಸಬೇಕು."

"ನೀನು?"

"ಸುಸ್ತಾಗುತ್ತೆ ಅಂತ ಕೂತೆ."

ಅಪ್ಪ ಎದ್ದು ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ಕಪ್ಪು ಸೈಕಲ್ಲಿನ ಸೀಟು, ಎರಡು ದಪ್ಪ ಸುರುಳಿಯದು. ಧೂಳು ಒರೆಸಿ, ಸುರುಳಿಗೆ ಎಣ್ಣೆ ಬಿಟ್ಟು, ನನ್ನ ಸೀಟ್ ಬಿಚ್ಚಿದರು. ಇದನ್ನು ಇಟ್ಟರು. ಕೂರಲಿಲ್ಲ. ತಿರುಗಿಸಿ ಇಟ್ಟರು. ಆಗಲೂ ಕೂರಲಿಲ್ಲ. ಹಳೇ ಸೀಟಿನ ಹಿಡಿಕೆ ಗುಂಡು ಪೈಪನ್ನು ಸುತ್ತ ಹಿಡಿಯುವಂಥದ್ದು. ನನ್ನ ಸೀಟ್ ಪೈಪಿನ ತಲೆಯಲ್ಲಿ ಎರಡು ಬೋಲ್ಟಿನ ಬೇರೆಯೇ ಏರ್ಪಾಟು.

ಅಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಇದಕ್ಕೂ ಸೈಜ್ ಬೇರೆನೇನೋ?"

"ಹೂಂ."

"ಹೋಗು, ವರ್ನಿಯರ್ ತಗೊಂಡ್ ಬಾ."